ಕನ್ಸಲ್ಟಿಂಗ್ ಕಂಪನಿ ಇಂಟರ್‌ವ್ಯೂಗೆ ಹೋಗ್ತಿದ್ದೀರಾ? ನನ್ನ 4 ವರ್ಷದ ಅನುಭವ 7 ಆದ ಕಥೆ ಓದ್ಕೊಂಡು ಹೋಗಿ

ಕಂಪನಿ ಹೆಸರು ಹೇಳಲ್ಲ, ಕೇಳ್ಬೇಡಿ. ಟೆಕ್ನಾಲಜಿ ಕನ್ಸಲ್ಟಿಂಗ್ ಮಾಡ್ತೀವಿ, ಅಂದ್ರೆ ಬೇರೆ ಕಂಪನಿಗಳ (ಅವರೇ ಕ್ಲೈಂಟ್) ಸಾಫ್ಟ್‌ವೇರ್ ಕೆಲಸ ಮಾಡ್ಕೊಡ್ತೀವಿ ಅನ್ನೋ ಕಂಪನಿ ಅಷ್ಟೆ. ಎರಡು ತಿಂಗಳು, ಆರು ರೌಂಡು, ಕೊನೆಗೆ ಕೈಗೆ ಸಿಕ್ಕಿದ್ದು ಚೊಂಬು. ಹೊಟ್ಟೆ ಉರೀತಿದೆ, ಇಲ್ಲ ಅನ್ನಲ್ಲ, ಆದ್ರೂ ಬರೀತಿರೋದು ಯಾಕಂದ್ರೆ ನಾನು ಬಿದ್ದ ಗುಂಡಿಗೆ ಇನ್ನೂ ಜನ ಬೀಳ್ತಾನೇ ಇದಾರೆ.

ಶುರು ಚೆನ್ನಾಗೇ ಇತ್ತು. ರಿಕ್ರೂಟರ್ ಫೋನ್ ಮಾಡಿದ್ರು, ಪ್ರೊಫೈಲ್ ಸಖತ್ತಾಗಿದೆ ಸರ್, ಅರ್ಜೆಂಟ್ ರಿಕ್ವೈರ್‌ಮೆಂಟ್ ಅಂದ್ರು. ಒಂದೇ ಮಾತು, ಪಿಡಿಎಫ್ ಬೇಡ, ರೆಸ್ಯೂಮೆನ ವರ್ಡ್ ಫೈಲಲ್ಲಿ ಕಳಿಸಿ, ನಮ್ಮ ಟೆಂಪ್ಲೇಟಿಗೆ ಹಾಕ್ಬೇಕು ಅಂದ್ರು. ಕಳಿಸ್ದೆ. ಈ ವರ್ಡ್ ಫೈಲ್ ವಿಷಯ ನೆನಪಿಟ್ಕೊಳ್ಳಿ, ಆಮೇಲೆ ಬರ್ತೀನಿ.

ಕ್ಯಾಮೆರಾ ಆನ್ ಮಾಡ್ಕೊಂಡು ಬರೆಯೋ ಆನ್‌ಲೈನ್ ಟೆಸ್ಟು, ಆಮೇಲೆ ಒಂದು ಟೆಕ್ನಿಕಲ್ ರೌಂಡು, ಇವೆರಡರಲ್ಲಿ ದೂರೋಕೆ ಏನೂ ಇಲ್ಲ. ಮೂರನೇದು ಅಸೈನ್‌ಮೆಂಟ್. ವೀಕೆಂಡಲ್ಲಿ 4 ಗಂಟೆ ಸಾಕು ಅಂದ್ರು, ನಂಗೆ ಹಿಡಿದಿದ್ದು 11. ಎರಡು ಬೇರೆ ಬೇರೆ ಸಿಸ್ಟಮ್ಮಿಂದ ಬಂದಿರೋ ಕಸ್ಟಮರ್ ಡೇಟಾ, ಒಬ್ಬನೇ ಮನುಷ್ಯ ಎರಡು ಮೂರು ಸಲ ಬಂದಿದ್ರೆ ಹುಡುಕಿ ಒಂದು ಮಾಡ್ಬೇಕು, ಮೇಲೆ ಒಂದು ಎಪಿಐ (ಬೇರೆ ಸಾಫ್ಟ್‌ವೇರ್‌ಗಳು ಆ ಡೇಟಾ ಕೇಳಿ ತಗೊಳ್ಳೋ ದಾರಿ) ಕಟ್ಬೇಕು. ಫೈಲ್ ಓಪನ್ ಮಾಡ್ದಾಗ್ಲೇ ನಂಗೆ ಯಾಕೋ ಅನುಮಾನ ಬಂತು. ಒಂದು ಕಾಲಮ್ ಹೆಸರು "ಹಳೇ ಐಡಿ, ಬಳಸಬೇಡಿ, ಫೈನಾನ್ಸ್‌ನವರನ್ನ ಕೇಳಿ" ಅನ್ನೋ ಅರ್ಥದಲ್ಲಿತ್ತು. ಪರೀಕ್ಷೆಗೆ ಅಂತ ಮಾಡಿದ ಡಮ್ಮಿ ಫೈಲಲ್ಲಿ ಫೈನಾನ್ಸ್‌ನವರು ಎಲ್ಲಿಂದ ಬರ್ತಾರೆ ಹೇಳಿ! ಅದು ಯಾವ್ದೋ ಆಫೀಸಲ್ಲಿ ಯಾರೋ ಬೇಸತ್ತು ಹಾಕಿದ ಹೆಸರು. ಇಷ್ಟಾದ್ರೂ ಮಾಡಿ ಕಳಿಸ್ದೆ, ಕೆಲಸ ಬೇಕಿತ್ತಲ್ಲ.

ಅಸೈನ್‌ಮೆಂಟ್ ಕೊಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಅನ್ನೋರು ಹಳೇ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡ್ದಾಗ, ಕೆಲಸದ ಸ್ಯಾಂಪಲ್ ಮಾಡಿಸಿ ನೋಡೋದು ಬಾಯಿಗೆ ಬಂದಂಗೆ ಪ್ರಶ್ನೆ ಕೇಳೋ ಇಂಟರ್‌ವ್ಯೂಗಿಂತ ಎಷ್ಟೋ ವಾಸಿ ಅಂತಾನೇ ಬಂದಿತ್ತು. ಆದ್ರೆ ಸ್ಯಾಂಪಲ್ ಬೇರೆ, ಬಿಟ್ಟಿ ಕೆಲಸ ಬೇರೆ.

ನಾಲ್ಕನೇ ರೌಂಡಲ್ಲಿ ಮ್ಯಾನೇಜರ್ ನನ್ನ ಕೋಡ್ ಬಗ್ಗೆ ಒಂದು ಪ್ರಶ್ನೇನೂ ಕೇಳ್ಲಿಲ್ಲ, ಇದನ್ನ ಬೇರೆ ಸರ್ವರಲ್ಲಿ ರನ್ ಮಾಡ್ಬೇಕಂದ್ರೆ ಹೇಗೆ ಅಂತ ಮಾತ್ರ ಕೇಳಿ, ನಾನು ಹೇಳ್ತಿದ್ದಂಗೆ ಟೈಪ್ ಮಾಡ್ಕೊಂಡ್ರು, ಕೀಬೋರ್ಡ್ ಸದ್ದು ಕೇಳಿಸ್ತಿತ್ತು. ಐದನೇದು ಪಾರ್ಟ್‌ನರ್ ಜೊತೆ, ಅಂದ್ರೆ ಕಂಪನಿಯ ದೊಡ್ಡ ತಲೆಗಳಲ್ಲಿ ಒಬ್ರು. ವಿಮಾನದೊಳಗೆ ಎಷ್ಟು ಟೆನಿಸ್ ಬಾಲ್ ಹಿಡಿಸುತ್ತೆ ಅಂದ್ರು. ಬಿಸಿನೆಸ್ ಕನ್ಸಲ್ಟೆಂಟ್ ಕೆಲಸಕ್ಕೆ, ದೊಡ್ಡ ಪ್ರಶ್ನೇನ ಹೇಗೆ ಒಡೀತಾರೆ ಅಂತ ನೋಡೋಕೆ ಕೇಳಿದ್ರೆ ಒಪ್ಕೋಬಹುದು, ಬ್ಯಾಕೆಂಡ್ ಕೆಲಸಕ್ಕೆ (ಸರ್ವರ್, ಡೇಟಾ ಕಡೆ ಕೋಡ್ ಬರೆಯೋದು) ಬಂದೋನಿಗೆ ಯಾಕೆ ಗುರು? ಗೂಗಲ್‌ನ ಎಚ್‌ಆರ್ ಮುಖ್ಯಸ್ಥ ಆಗಿದ್ದ ಲಾಸ್ಲೋ ಬಾಕ್ 2013ರಲ್ಲೇ ಇಂಥ ಪ್ರಶ್ನೆಗಳು ಶುದ್ಧ ಟೈಮ್ ವೇಸ್ಟು, ಕೇಳೋನಿಗೆ ತಾನು ಜಾಣ ಅನ್ಸುತ್ತೆ ಅಷ್ಟೆ ಅಂದಿದ್ರು. ಇಂಟರ್‌ವ್ಯೂ ನಾಲ್ಕು ಮಾಡಿದ್ರೆ ಸಾಕು, ಅದಕ್ಕಿಂತ ಜಾಸ್ತಿ ಮಾಡಿದ್ರೆ ದೊಡ್ಡ ಲಾಭ ಇಲ್ಲ ಅಂತಾನೂ ಅದೇ ಗೂಗಲ್‌ನವರು ಲೆಕ್ಕ ಹಾಕಿ ಹೇಳಿದ್ರು. ಇಲ್ಲಿ ಆರು.

ಐದು ಮುಗಿದ್ಮೇಲೆ ರಿಕ್ರೂಟರ್ ಫೋನ್. ಕಂಗ್ರಾಟ್ಸ್ ಸರ್, ಸೆಲೆಕ್ಟ್ ಆಗಿದ್ದೀರ, ಕ್ಲೈಂಟ್ ಜೊತೆ ಒಂದು ಸಣ್ಣ ಮಾತುಕತೆ ಇದೆ, ಸುಮ್ನೆ ಫಾರ್ಮಾಲಿಟಿ, ನೀವು ನೋಟಿಸ್ ಹಾಕ್ಬಿಡಿ, ಆಫರ್ ಲೆಟರ್ ಈ ವಾರ ಬರುತ್ತೆ. ನಾನು ರಿಸೈನ್ ಮೇಲ್ ಟೈಪ್ ಮಾಡಿ ಡ್ರಾಫ್ಟಲ್ಲಿ ಇಟ್ಟಿದ್ದೆ. ಅಕ್ಕಂಗೆ ಖುಷಿಯಿಂದ ಹೇಳಿದ್ರೆ ಅವಳು "ಲೆಟರ್ ಎಲ್ಲೋ? ಕೈಗೆ ಬರ್ಲಿ, ಆಮೇಲೆ ಕುಣಿಯುವಂತೆ" ಅಂದ್ಲು. ಅವತ್ತು ಅವಳ ಮೇಲೆ ಸಿಟ್ಟು ಬಂದಿತ್ತು.

ಇನ್ನು ಆ ಫಾರ್ಮಾಲಿಟಿ. ಕ್ಲೈಂಟ್ ಕಡೆಯಿಂದ ಒಬ್ರು ಹೆಂಗಸು, ತುಂಬಾ ಮರ್ಯಾದಸ್ತರು, ಅವರ ಬಗ್ಗೆ ಒಂದು ಕೆಟ್ಟ ಮಾತಿಲ್ಲ. ಸ್ಕ್ರೀನ್ ಶೇರ್ ಮಾಡಿದ್ರು, ನನ್ನ ರೆಸ್ಯೂಮೆ, ಮೇಲೆ ಕನ್ಸಲ್ಟಿಂಗ್ ಕಂಪನಿ ಲೋಗೋ, ನನ್ನ ಹೆಸರು, ಅದರ ಕೆಳಗೆ 7 ವರ್ಷ ಅನುಭವ. ನಂದು 4. ನಾನು ಮಾಡೇ ಇಲ್ಲದ ಒಂದು ಡೇಟಾ ಮೈಗ್ರೇಶನ್ (ಡೇಟಾನ ಒಂದು ಸಿಸ್ಟಮ್ಮಿಂದ ಇನ್ನೊಂದಕ್ಕೆ ಸಾಗಿಸೋ) ಪ್ರಾಜೆಕ್ಟ್ ಬೇರೆ ಇತ್ತು, ಅದರಲ್ಲಿ ನಾನು ಲೀಡ್ ಅಂತೆ! ಅವರು ಆ ಪ್ರಾಜೆಕ್ಟ್ ಬಗ್ಗೇನೇ ಕೇಳಿದ್ರು. ನಂಗೆ ಬಾಯಿ ಒಣಗೋಯ್ತು, ಎರಡು ಸೆಕೆಂಡ್ ಸುಳ್ಳು ಹೇಳ್ಬಿಡೋಣ ಅಂತಾನೂ ಅನ್ನಿಸ್ತು, ಕೊನೆಗೆ "ಮೇಡಂ, ಇದು ನಾನು ಬರೆದಿದ್ದಲ್ಲ, ನಂದು 4 ವರ್ಷ" ಅಂದೆ. ಪಕ್ಕದಲ್ಲಿ ಮ್ಯೂಟ್ ಆಗಿದ್ದ ಮ್ಯಾನೇಜರ್ ಚಾಟಲ್ಲಿ ಪ್ಲೀಸ್ ಕಂಟಿನ್ಯೂ ಅಂತ ಟೈಪ್ ಮಾಡಿದ್ರು. ಆ ಮೇಡಂ ಸ್ವಲ್ಪ ಹೊತ್ತು ಸುಮ್ನಿದ್ದು, ಅವರ ನಿಜವಾದ ಸಮಸ್ಯೆ ಹೇಳಿದ್ರು: ಎರಡು ಸಿಸ್ಟಮ್, ಡೂಪ್ಲಿಕೇಟ್ ಕಸ್ಟಮರ್‌ಗಳು, ಫೈನಾನ್ಸ್‌ನವರ ಹಳೇ ಐಡಿ. ನನ್ನ ವೀಕೆಂಡ್ ಅಸೈನ್‌ಮೆಂಟ್ ಎಲ್ಲಿಂದ ಬಂತು ಅಂತ ಅಲ್ಲಿ ಗೊತ್ತಾಯ್ತು. ನನ್ನ ಕೋಡನ್ನೇ ಅವರಿಗೆ ಡೆಮೋ ಅಂತ ತೋರಿಸಿದ್ರಾ ಅನ್ನೋದಕ್ಕೆ ನನ್ನ ಹತ್ರ ಸಾಕ್ಷಿ ಇಲ್ಲ, ಹಾಗಾಗಿ ಹೇಳಲ್ಲ.

ಅದಾದ್ಮೇಲೆ ಪೊಸಿಷನ್ ಹೋಲ್ಡಲ್ಲಿದೆ ಅಂತ ಒಂದು ಮೆಸೇಜು, ಆಮೇಲೆ ಫೋನ್ ಎತ್ತೋದೂ ನಿಂತೋಯ್ತು.

ಒಳಗಿನ ಲೆಕ್ಕ ಹೀಗೆ. ಇಂಥ ಕಂಪನಿಗೆ ದುಡ್ಡು ಬರೋದು ಕ್ಲೈಂಟಿಗೆ ಬಿಲ್ ಮಾಡೋ ಗಂಟೆಗಳಿಂದ. ಪ್ರಾಜೆಕ್ಟ್ ಇಲ್ದೆ ಕೂತೋನು ಬೆಂಚಲ್ಲಿ ಇರ್ತಾನೆ, ಅವನ ಸಂಬಳ ಪೂರ್ತಿ ನಷ್ಟ. ಹಾಗಾಗಿ ಕೆಲವರು ಪ್ರಾಜೆಕ್ಟ್ ಸಿಗೋ ಮುಂಚೆ ಜನ ತಗೊಳ್ಳಲ್ಲ, ಆದ್ರೆ ಪ್ರಪೋಸಲ್ (ಈ ಕೆಲಸ ನಮಗೆ ಕೊಡಿ ಅಂತ ಕ್ಲೈಂಟಿಗೆ ಕೊಡೋ ಪ್ರಸ್ತಾವನೆ) ಜೊತೆ ನಮ್ಮ ಹತ್ರ ಇಂಥಿಂಥೋರಿದಾರೆ ಅಂತ ಪ್ರೊಫೈಲ್ ಲಗತ್ತಿಸಬೇಕಲ್ಲ, ಅದಕ್ಕೆ ನಮ್ಮಂಥೋರು. ಕ್ಲೈಂಟ್ ಒಪ್ಪಿದ್ರೆ ಕೆಲಸ, ಇಲ್ಲಾಂದ್ರೆ ಹೋಲ್ಡು. ಎಲ್ಲರೂ ಹೀಗಲ್ಲ, ಇದನ್ನ ಮೊದಲೇ ಬಾಯಿಬಿಟ್ಟು ಹೇಳೋರೂ ಇದಾರೆ, ನನ್ನ ಫ್ರೆಂಡ್ ಒಬ್ಬನಿಗೆ ಮೊದಲ ಕಾಲಲ್ಲೇ ಹೇಳಿದ್ರು.

ಹೇಳ್ದಿದ್ರೆ ನೀವೇ ಕೇಳಿ: ಪ್ರಾಜೆಕ್ಟ್ ಸೈನ್ ಆಗಿದ್ಯಾ ಇನ್ನೂ ಪ್ರಪೋಸಲ್ಲಾ? ಈ ಪ್ರಶ್ನೆಗೆ ರಿಕ್ರೂಟರ್ ತಡವರಿಸಿದ್ರೆ ಅರ್ಥ ಮಾಡ್ಕೊಳ್ಳಿ. ವರ್ಡ್ ಫೈಲನ್ನ ಯಾರು ಬೇಕಾದ್ರೂ ಸುಲಭವಾಗಿ ತಿದ್ದಬಹುದು, ಅದಕ್ಕೆ ರೆಸ್ಯೂಮೆ ಪಿಡಿಎಫಲ್ಲೇ ಕೊಡಿ, ಅವರ ಟೆಂಪ್ಲೇಟಿಗೆ ಹಾಕ್ಲೇಬೇಕು ಅಂದ್ರೆ ಕ್ಲೈಂಟಿಗೆ ಹೋಗೋ ಕಾಪಿ ನಂಗೂ ಕಳಿಸಿ ಅಂತ ಮೇಲಲ್ಲಿ ಕೇಳಿ, ಬಾಯಲ್ಲಲ್ಲ. ಸುಳ್ಳು ಬರೆದೋರು ಅವರೇ ಆದ್ರೂ ಅದರ ಮೇಲೆ ಇರೋದು ನಿಮ್ಮ ಹೆಸರು. ಲೆಟರ್ ಬಂದ್ಮೇಲೂ ಜಾಯಿನಿಂಗ್ ಡೇಟ್ ಇದ್ಯಾ, ಕ್ಲೈಂಟ್ ಒಪ್ಪಿದ್ರೆ ಮಾತ್ರ ಅನ್ನೋ ಸಾಲು ಎಲ್ಲಾದ್ರೂ ಸೇರ್ಸಿದಾರಾ ನೋಡಿ, ಆಮೇಲೆ ನೋಟಿಸ್.

ಆ 7 ವರ್ಷದ ರೆಸ್ಯೂಮೆ ಡಿಲೀಟ್ ಮಾಡಿ, ಯಾರ್ಯಾರಿಗೆ ಕಳಿಸಿದ್ದೀರ ಹೇಳಿ ಅಂತ ಎರಡು ಸಲ ಮೇಲ್ ಹಾಕಿದ್ದೀನಿ. ಉತ್ತರ ಬಂದ್ರೆ ಇಲ್ಲೇ ಕೆಳಗೆ ಸೇರಿಸ್ತೀನಿ.