ಕಾರಿಗೆ ಕ್ಯಾರಿಯರ್ ಮಾಡಿಸ್ತೀರಾ? ಬಣ್ಣ ಹೊಡೆಯೋಕೆ ಮೊದಲು ಪೈಪ್ ನೋಡ್ರಿ

ಬೆಳಗಾವಿಯಲ್ಲಿ ವೆಲ್ಡಿಂಗ್ ಅಂಗಡಿಯವರ ಕಡೆ ಕಾರಿನ ಮೇಲಿನ ಲಗೇಜ್ ಕ್ಯಾರಿಯರ್ ಮಾಡಿಸಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ರೆಡಿಮೇಡ್ ತುಟ್ಟಿ ಅಂತಲೇ ಎಲ್ಲರೂ ವೆಲ್ಡಿಂಗ್ ಅಂಗಡಿಗೆ ಹೋಗೋದು. ಅದು ತಪ್ಪಲ್ಲ. ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶ ಇರುವ ಊರು ಇದು, ಕೆಲಸ ಬಲ್ಲವರಿಗೆ ಬರವಿಲ್ಲ. ಆದರೆ ಬಣ್ಣ ಬಿದ್ದ ಮೇಲೆ ಒಳಗೇನಿದೆ ಅಂತ ಯಾರಿಗೂ ಕಾಣಲ್ಲ. ನನಗೆ ಮೋಸ ಆಗಿದ್ದೇ ಅಲ್ಲಿ.

ಮಾತಾಗಿದ್ದು ಇಷ್ಟು: 25 ಎಂಎಂ ಚೌಕ ಪೈಪ್, 16 ಗೇಜ್, ಅಂದರೆ ತಗಡು 1.6 ಎಂಎಂ ದಪ್ಪ. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಫ್ರೇಮ್, ನಡುವೆ ನಾಲ್ಕು ಅಡ್ಡ ಪೈಪ್, ಮೂರು ಬದಿಗೆ ಕಟಕಟೆ. 20 ಅಡಿಯ ಎರಡು ಪೈಪಿನಲ್ಲಿ ಮುಗಿಯುವ ಕೆಲಸ. ಗುತ್ತಿಗೆ ಲೆಕ್ಕದಲ್ಲಿ 4,500 ರೂಪಾಯಿ, ಪೂರ್ತಿ ಮುಂಗಡ.

ಕೈಗೆ ಬಂದಾಗ ಕಪ್ಪು ಬಣ್ಣ ಮಿರಮಿರ ಮಿಂಚುತ್ತಿತ್ತು. ಪೈಪಿನ ಪ್ರತಿ ತುದಿಗೂ ಅಂಗಡಿಯವ ತಗಡಿನ ಮುಚ್ಚಳ ಬೆಸೆದಿದ್ದ. ನೀಟಾಗಿ ಕಾಣಲಿ ಅಂತಲ್ಲ, ದಪ್ಪ ಅಳೆಯಲಿಕ್ಕೆ ಬರಬಾರದು ಅಂತ.

ಸವದತ್ತಿ ದಾರಿಯಲ್ಲಿ ಎರಡು ಸೂಟ್‌ಕೇಸ್, ಒಂದು ಹಾಸಿಗೆ ಸುರುಳಿಯ ಭಾರಕ್ಕೇ ನಡುವಿನ ಪೈಪ್ ಬಾಗಿತು. ಜೋಡಣೆ ಬಿಟ್ಟ ಜಾಗದಲ್ಲಿ ಉಗುರಿನಿಂದ ಕೆರೆದರೆ ಬಣ್ಣದ ಜೊತೆ ಬೂದುಬಣ್ಣದ ಪುಡಿ ಉದುರಿತು. ಪುಟ್ಟಿ! ವೆಲ್ಡಿಂಗ್ ಇರಬೇಕಾದ ಜಾಗದಲ್ಲಿ ಸಂದು ತುಂಬುವ ಪುಟ್ಟಿ! ನಾಲ್ಕು ಬದಿಯ ಜೋಡಣೆಗೆ ಎರಡು ಮೂಲೆಯಲ್ಲಿ ಮಾತ್ರ ಚುಕ್ಕಿಯಷ್ಟು ವೆಲ್ಡಿಂಗ್, ಉಳಿದ ಕಡೆ ಬ್ಲೇಡ್ ತೂರುವಷ್ಟು ಸಂದು. ಕ್ಲಾಂಪ್ ಬಿಚ್ಚಿ ಗುಜರಿ ಅಂಗಡಿಯ ಕಾಟಾ ಮೇಲಿಟ್ಟರೆ ತೂಕ ಎಂಟು ಕಿಲೋ ಚಿಲ್ಲರೆ. ಅದೇ ಉದ್ದದ 16 ಗೇಜ್ ಪೈಪ್ 14 ಕಿಲೋ ತೂಗಬೇಕು. ಎಂಟು ಕಿಲೋ ಅಂದರೆ 20 ಗೇಜ್, 0.9 ಎಂಎಂ. ಅಷ್ಟು ತೆಳು ಪೈಪಿಗೆ ದಪ್ಪ ರಾಡಿನಲ್ಲಿ ಸುತ್ತ ವೆಲ್ಡಿಂಗ್ ಎಳೆದರೆ ತೂತು ಬೀಳುತ್ತದೆ, ಅದಕ್ಕೇ ಚುಕ್ಕಿ ಇಟ್ಟು ಪುಟ್ಟಿ ಮೆತ್ತಿದ್ದ. ಒಂದು ಮೋಸ ಮುಚ್ಚಲಿಕ್ಕೆ ಇನ್ನೊಂದು.

ಕೇಳಲಿಕ್ಕೆ ಹೋದರೆ ಅವನ ಉತ್ತರ ನೋಡಿ. ಮೊದಲು, “16 ಗೇಜ್ ಸ್ಟಾಕ್ ಇರ್ಲಿಲ್ರೀ ಸರ, ಇದೂ ಚಲೋ ಮಾಲ್ ಐತಿ.” ಹಾಗಿದ್ದರೆ ಹೇಳಬೇಕಿತ್ತಲ್ಲ ಅಂದರೆ, “ನೀವ ಲೋಡ್ ಜಾಸ್ತಿ ಹಾಕೀರಿ.” ಪುಟ್ಟಿ ತೋರಿಸಿದರೆ, “ಫಿನಿಶಿಂಗ್‌ಗೆ ಎಲ್ಲಾರೂ ಹಾಕ್ತಾರ್ರೀ. ಯಾರೂ ಬಂದು ಕೇಳಿಲ್ಲ, ನೀವ ಒಬ್ಬರ ಬಂದೀರಿ.” ಅಂಗಡಿ ತುಂಬ ಗಿರಾಕಿ, ಎಲ್ಲರೂ ತಿರುಗಿ ನೋಡುವ ಹಾಗೆ ಜೋರಾಗಿ ಹೇಳಿದ. ರೊಕ್ಕ ವಾಪಸ್ ಕೇಳಿದರೆ, “ಪೈಪ್ ತಂದೀನಲ್ರೀ, ಎಲ್ಲಿಂದ ಕೊಡ್ಲಿ?” ಯಾವ ಪೈಪ್ ತಂದೆಯೋ ಮಾರಾಯಾ! ಅದನ್ನೇ ತಾನೆ ಕೇಳುತ್ತಿರುವುದು!

ಕ್ಲಾಂಪಿನದು ಬೇರೆ ಕಥೆ. ಓಮ್ನಿ, ಅಂಬಾಸಿಡರ್ ತರಹದ ಹಳೆ ಗಾಡಿಗಳಿಗೆ ಮೇಲೆ ಮಳೆನೀರು ಹರಿಯುವ ಕಾಲುವೆ ಇರುತ್ತದೆ, ಕ್ಲಾಂಪ್ ಅದನ್ನು ಕಚ್ಚಿ ಹಿಡಿಯುತ್ತದೆ. ಈಗಿನ ಹ್ಯಾಚ್‌ಬ್ಯಾಕ್‌ಗಳಿಗೆ ಅದಿಲ್ಲ. ಬಾಗಿಲ ಚೌಕಟ್ಟಿಗೆ ಸರಿಯಾಗಿ ಬಗ್ಗಿಸಿದ ಕೊಂಡಿ, ಕೊಂಡಿಯ ಒಳಗೂ ಕಾಲಿನ ಕೆಳಗೂ ದಪ್ಪ ರಬ್ಬರ್ ಬೇಕು. ಇವನು ಹಳೆ ಗಾಡಿಯ ಕ್ಲಾಂಪನ್ನೇ ಬಡಿದು ಬಗ್ಗಿಸಿ, ರಬ್ಬರ್ ಇಲ್ಲದೆ ಸಿಗಿಸಿದ್ದ. ಬಾಗಿಲ ಅಂಚಿನ ರಬ್ಬರ್ ಬೀಡಿಂಗ್ ಒತ್ತಿ ಮಳೆನೀರು ಸೀಟಿಗೆ ಇಳಿಯಿತು, ಬಣ್ಣ ಕೆತ್ತಿ ಹೋಯಿತು. ಅದಕ್ಕೆ ಅವನ ಪರಿಹಾರ? “ಮ್ಯಾಲೆ ನಾಲ್ಕ ಸ್ಕ್ರೂ ಹೊಡದು ಸಿಲಿಕಾನ್ ಹಚ್ಚಿ ಕೊಡ್ತೀನ್ರೀ.” ಯಾರೇ ಹೇಳಲಿ, ಛಾವಣಿಗೆ ಡ್ರಿಲ್ ಹಾಕಿಸಬೇಡಿ. ಒಂದು ಮಿಲಿಮೀಟರೂ ಇಲ್ಲದ ತಗಡು ಅದು. ಓಡುವಾಗ ಅದುರಿ ಅದುರಿ ಸಿಲಿಕಾನ್ ಬಿರುಕು ಬಿಡುತ್ತದೆ, ತೂತಿನ ಅಂಚಿನಿಂದಲೇ ತುಕ್ಕು ಶುರು. ನಮ್ಮ ಬೆಳಗಾವಿ ಮಳೆಗೆ ಕೇಳಲೇಬೇಡಿ.

ಮಾಡಿಸುವುದೇ ಆದರೆ ಪೈಪನ್ನು ನೀವೇ ಕೊಂಡು ಕೊಡಿ. 25 ಎಂಎಂ, 16 ಗೇಜಿನ 20 ಅಡಿ ಪೈಪ್ ಒಂದಕ್ಕೆ ಏಳು ಕಿಲೋ ದಾಟಬೇಕು, ಕಾಟಾ ಮೇಲಿಡದೆ ರೊಕ್ಕ ಎಣಿಸಬೇಡಿ. ವೆಲ್ಡಿಂಗ್ 2.5 ಎಂಎಂ ರಾಡಿನಲ್ಲಿ, ನಾಲ್ಕೂ ಬದಿ. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ತುಕ್ಕು ತಡೆಯುವ ರೆಡ್ ಆಕ್ಸೈಡ್, ಆಮೇಲೆ ಬಣ್ಣ. ತುದಿ ಮುಚ್ಚಿಸಿದರೆ ಪೈಪಿನ ತಳಕ್ಕೆ ಸಣ್ಣ ತೂತು ಇರಲಿ, ಇಲ್ಲದಿದ್ದರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಕ್ಲಾಂಪಿಗೆ 8 ಎಂಎಂ ಬೋಲ್ಟ್, ಅದಕ್ಕೆ ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್. ಸಾದಾ ನಟ್ ಅದುರಿ ಅದುರಿ ಸಡಿಲಾಗುತ್ತದೆ. ಹೊರಟು ಐವತ್ತು ಕಿಲೋಮೀಟರ್ ಆದ ಮೇಲೆ 13 ನಂಬರ್ ಪಾನಾದಿಂದ ಒಮ್ಮೆ ಬಿಗಿ ಮಾಡಿ.

ಛಾವಣಿ ಎಷ್ಟು ಭಾರ ತಡೆಯುತ್ತದೆ ಅಂತ ಕಾರಿನ ಕೈಪಿಡಿಯಲ್ಲಿ ನೋಡಿ. ಆ ಲೆಕ್ಕದಲ್ಲಿ ಕ್ಯಾರಿಯರ್ ತೂಕವೂ ಸೇರುತ್ತದೆ. ಕ್ಯಾರಿಯರ್ ತಳಕ್ಕೆ ಪ್ಲೈವುಡ್ ಹಾಕಿಸಲೇಬೇಡಿ, ಗಾಳಿ ಅದನ್ನು ಕೆಳಗಿನಿಂದ ಎತ್ತುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟು, ಕಿತ್ತೂರು ಕಡೆಯ ಹೆದ್ದಾರಿಯಲ್ಲಿ ನೂರರ ಮೇಲೆ ಹೋಗುವವರು ನೆನಪಿಡಿ.

ಮತ್ತೆ, ಪೂರ್ತಿ ಮುಂಗಡ ಯಾರಿಗೂ ಕೊಡಬೇಡಿ. ಬಿಲ್ಲಿನಲ್ಲಿ ಗೇಜ್ ಬರೆಸಿಕೊಳ್ಳಿ. “ಇಷ್ಟ ಕೆಲಸಕ್ಕ ಬಿಲ್ ಯಾಕ್ರೀ ಸರ” ಅಂದರೆ ಅಲ್ಲಿಂದಲೇ ಎದ್ದು ಬೇರೆ ಅಂಗಡಿಗೆ ಹೋಗಿ.