ಮನೆತನದ ಲಾಂಛನ ಮಾಡಿಕೊಡ್ತೀವಿ ಅಂತ ಬಂದರೆ ಸಹಿ ಮಾತ್ರ ಹಾಕಬೇಡಿ

ದಾವಣಗೆರೆ, ಜಗಳೂರು, ಹರಿಹರದ ಕಡೆಯವರು ದಯವಿಟ್ಟು ಪೂರ್ತಿ ಓದಿ. "ನಿಮ್ಮ ಮನೆತನದ ರಾಜಲಾಂಛನ, ಜೊತೆಗೆ ವಂಶವೃಕ್ಷ, ಫ್ರೇಮ್ ಹಾಕಿಸಿ ಕೊಡ್ತೀವಿ" ಅಂತ ಮದುವೆ, ಗೃಹಪ್ರವೇಶ ಇರೋ ಮನೆಗಳನ್ನೇ ಹುಡುಕ್ಕೊಂಡು ಬರೋರು ಇದ್ದಾರೆ. ನಮ್ಮ ದೊಡ್ಡಪ್ಪನ ಮನೆಗೂ ಒಬ್ಬ ಬಂದಿದ್ದ. ದುಡ್ಡು ಹೋದದ್ದು ಸಣ್ಣ ಮಾತು. ಆ ಫ್ರೇಮಿನ ಜೊತೆ ಬಂದ ಒಂದು ಕಾಗದದಿಂದ ಇವತ್ತು ಅಪ್ಪ, ದೊಡ್ಡಪ್ಪ ಒಂದು ಕಡೆ, ನಮ್ಮ ಮೂವರು ಸೋದರತ್ತೆಯರು ಇನ್ನೊಂದು ಕಡೆ ಆಗಿ ತಹಶೀಲ್ದಾರ್ ಕಚೇರಿಯಲ್ಲಿ ತಕರಾರು ನಡೀತಿದೆ. ಆತನ ಹೆಸರು ಬರೆಯಲ್ಲ, ವಕೀಲರು ಬೇಡ ಅಂದಿದ್ದಾರೆ. ವರಸೆ ಹೇಗಿರುತ್ತೆ ಅಂತ ಹೇಳೋದಕ್ಕೆ ಯಾರ ಅಡ್ಡಿಯೂ ಇಲ್ಲವಲ್ಲ.

ನಮ್ಮದು ಜಗಳೂರು ತಾಲ್ಲೂಕಿನ ಒಕ್ಕಲುತನದ ಮನೆ. ಮೆಕ್ಕೆಜೋಳ, ಶೇಂಗಾ, ಅದೂ ಮಳೆ ಬಂದರೆ. ದೊಡ್ಡಪ್ಪ ಮಾತ್ರ ದಾವಣಗೆರೆಗೆ ಬಂದು ವ್ಯಾಪಾರಕ್ಕೆ ಕೂತು ನಾಲ್ಕು ಕಾಸು ಕಂಡವರು. "ನಮ್ಮ ಹಿರಿಯರು ದುರ್ಗದ ಪಾಳೇಗಾರರ ಸೈನ್ಯದಲ್ಲಿದ್ದರಂತೆ" ಅನ್ನೋ ಮಾತು ಮನೆಯಲ್ಲಿ ಮೊದಲಿಂದ ಇದೆ. ಈ ಸೀಮೆಯಲ್ಲಿ ಆ ಮಾತಿಲ್ಲದ ಮನೆ ಯಾವುದಿದೆ ಹೇಳಿ! ಬಂದಾತ ಹಿಡಿದದ್ದು ಅದನ್ನೇ. ಮೊಮ್ಮಗನ ಮದುವೆ ಗೊತ್ತಾಗಿತ್ತು, ದೊಡ್ಡಪ್ಪ ಹುರುಪಿನಲ್ಲಿದ್ದರು. "ಯಜಮಾನ್ರೇ, ನಿಮ್ಮ ಮನೆತನಕ್ಕೆ ಮದಕರಿ ನಾಯಕರು ಕೊಟ್ಟ ಲಾಂಛನ ಇದೆ. ಬ್ರಿಟಿಷರು ಲಂಡನ್ನಿಗೆ ತಗೊಂಡು ಹೋದ ದಾಖಲೆಯಲ್ಲಿ ಸಿಕ್ಕಿದೆ" ಅಂತ ಟ್ಯಾಬ್‌ನಲ್ಲಿ ಚಿತ್ರ ತೋರಿಸಿದ. ಒಟ್ಟು 35 ಸಾವಿರ, ಮುಂಗಡ 15. ಲಂಡನ್ನಿನಲ್ಲಿ ರಿಜಿಸ್ಟರ್ ಮಾಡಿಸೋದಕ್ಕೆ ಮೇಲೆ ಇನ್ನೂ 8 ಸಾವಿರ. ರಸೀದಿ ಇಲ್ಲ, ಎಲ್ಲಾ ಫೋನ್‌ಪೇ.

ಫ್ರೇಮ್ ಬಂದ ದಿನ ನಾನು ಅಲ್ಲೇ ಇದ್ದೆ. ಚಿನ್ನದ ಬಣ್ಣದ ಚೌಕಟ್ಟು, ಒಳಗೆ ಕ್ಯಾನ್ವಾಸ್ ಪ್ರಿಂಟ್. ನಡುವೆ ಗುರಾಣಿ, ಗುರಾಣಿ ಮೇಲೆ ಗಂಡಭೇರುಂಡ. ಎಡಕ್ಕೆ ಕಿರೀಟ ಇಟ್ಟುಕೊಂಡ ಸಿಂಹ, ಬಲಕ್ಕೆ ಹಣೆಯಲ್ಲಿ ಒಂಟಿ ಕೊಂಬಿರೋ ಬಿಳಿ ಕುದುರೆ. ಮೇಲೆ ಬಂಗಾರದ ಶಿರಸ್ತ್ರಾಣ, ಅದರ ತಲೆ ಮೇಲೆ ನಮ್ಮ ಅಶೋಕ ಸ್ತಂಭದ ಸಿಂಹಗಳು. ಕೆಳಗಿನ ಪಟ್ಟಿಯಲ್ಲಿ "ಶೌರ್ಯವೇ ನಮ್ಮ ಕುಲಧೆರ್ಮ". ಹೌದು, ಧೆರ್ಮ. ಹತ್ತಿರ ಹೋಗಿ ನೋಡಿದರೆ ಕುದುರೆಯ ಸುತ್ತ ಕತ್ತರಿಸಿ ಅಂಟಿಸಿದ ಬಿಳಿ ಅಂಚು ಹಾಗೇ ಉಳಿದಿತ್ತು. ಕತ್ತಿನಿಂದ ಒಂದು ಚಿನ್ನದ ಸರಪಳಿ ಇಳಿದು ಕಾಲ ಸಂದಿಯಿಂದ ಹಿಂದಕ್ಕೆ ಹೋಗಿತ್ತು. ಅಮ್ಮ ಕೇಳಿದ್ದು ಇಷ್ಟೇ: "ನಮ್ಮ ಮನೆ ಕುದುರೇನ ಯಾಕೆ ಕಟ್ಟಿ ಹಾಕಿದಾರೆ?"

ಉತ್ತರ ಸುಲಭ. ಅದು ನಮ್ಮ ಮನೆ ಕುದುರೆ ಅಲ್ಲ, ಬ್ರಿಟನ್ನಿನ ರಾಜಲಾಂಛನದ ಯೂನಿಕಾರ್ನ್. ಮೂಲದಲ್ಲಿ ಅದು ಸ್ಕಾಟ್ಲೆಂಡಿನ ಪ್ರಾಣಿ. 1603ರಲ್ಲಿ ಸ್ಕಾಟ್ಲೆಂಡಿನ ರಾಜ ಜೇಮ್ಸ್ ಇಂಗ್ಲೆಂಡಿಗೂ ರಾಜನಾದಾಗ ಸಿಂಹದ ಎದುರಿಗೆ ಬಂದು ನಿಂತಿತು, ಸರಪಳಿ ಸಮೇತ. ಅವರ ಲಾಂಛನಶಾಸ್ತ್ರದಲ್ಲಿ ಶಿರಸ್ತ್ರಾಣಕ್ಕೂ ಲೆಕ್ಕ ಇದೆ. ಕಂಬಿಗಳಿರೋ ಬಂಗಾರದ ಶಿರಸ್ತ್ರಾಣ ನೇರ ಎದುರಿಗೆ ಮುಖ ಮಾಡಿದ್ದರೆ ಅದು ರಾಜನದ್ದು ಮಾತ್ರ. ಆ ಲೆಕ್ಕದಲ್ಲಿ ನಮ್ಮ ದೊಡ್ಡಪ್ಪ ಇಂಗ್ಲೆಂಡಿನ ಅರಸು.

ಇನ್ನು ಮದಕರಿ ನಾಯಕರ ಕಾಲ ಅನ್ನೋ ಮಾತು. ಅವರ ಕೈಯಿಂದ ಚಿತ್ರದುರ್ಗ ಹೈದರಾಲಿ ಕೈಗೆ ಹೋದದ್ದು 1779ರಲ್ಲಿ. ಗುರಾಣಿ, ಅಕ್ಕಪಕ್ಕ ಎರಡು ಪ್ರಾಣಿ, ಕೆಳಗೆ ಬರಹದ ಪಟ್ಟಿ, ಈ ಥರದ ಯುರೋಪಿಯನ್ ಶೈಲಿಯ ಲಾಂಛನಗಳನ್ನು ನಮ್ಮ ದೇಶದ ಸಂಸ್ಥಾನಿಕರಿಗೆ ಸಾಲುಸಾಲಾಗಿ ಬರೆಸಿ ಧ್ವಜದ ಮೇಲೆ ಹಾಕಿ ಕೊಟ್ಟದ್ದು 1877ರ ಜನವರಿಯ ದೆಹಲಿ ದರ್ಬಾರಿಗೆ. ಬರೆದವನು ರಾಬರ್ಟ್ ಟೇಲರ್ ಅನ್ನೋ ಬಂಗಾಳದ ಸಿವಿಲ್ ಸರ್ವಿಸಿನ ಅಧಿಕಾರಿ. ದುರ್ಗದ ಕೋಟೆ ಬಿದ್ದು ಅಷ್ಟೊತ್ತಿಗೆ 98 ವರ್ಷ ಆಗಿತ್ತು. ನಮ್ಮಲ್ಲಿ ಲಾಂಛನ ಇರಲಿಲ್ಲ ಅಂತಲ್ಲ. ಚಾಲುಕ್ಯರಿಗೂ ವಿಜಯನಗರದವರಿಗೂ ವರಾಹ, ಹೊಯ್ಸಳರಿಗೆ ಹುಲಿಯನ್ನು ಕೊಲ್ಲೋ ಸಳ. ಗಂಡಭೇರುಂಡವಂತೂ ಬಳ್ಳಿಗಾವಿಯಲ್ಲಿ 1047ರ ಕಂಬದ ಮೇಲೇ ನಿಂತಿದೆ, ಅಚ್ಯುತರಾಯನ ನಾಣ್ಯದಲ್ಲಿದೆ, ಕೆಳದಿಯ ರಾಮೇಶ್ವರ ಗುಡಿಯಲ್ಲಿದೆ, ಮೈಸೂರು ಅರಸರಿಂದ ಈಗ ಸರ್ಕಾರಕ್ಕೆ ಬಂದಿದೆ. ಆದರೆ ಇವೆಲ್ಲ ರಾಜ್ಯದ್ದು, ಅರಸು ಮನೆತನದ್ದು. ಮೆಕ್ಕೆಜೋಳ ಬೆಳೆಯೋರ ಮನೆಗೆ ಗಂಡಭೇರುಂಡ ಯಾವ ದಾರಿಯಲ್ಲಿ ಬಂತು ಅಂತ ಕೇಳಿದರೆ "ಸಾರ್, ಅದು ಸಿಂಬಾಲಿಕ್" ಅಂತಾನೆ.

ಲಂಡನ್ ರಿಜಿಸ್ಟ್ರಿ ವಿಷಯವೂ ಕೇಳಿ. ಅಲ್ಲಿ ಕಾಲೇಜ್ ಆಫ್ ಆರ್ಮ್ಸ್ ಅಂತ ನಿಜವಾದ ಸಂಸ್ಥೆ ಇದೆ, 1484ರಿಂದ ಇದೆ. ಅದು ಲಾಂಛನ ಕೊಡೋದು ಒಬ್ಬ ವ್ಯಕ್ತಿಗೆ, ಅವನ ನೇರ ವಂಶದವರಿಗೆ. ಒಂದು ಅಡ್ಡಹೆಸರಿಗೆ ಅಂತ ಲಾಂಛನವೇ ಇರಲ್ಲ. ಅರ್ಜಿಗೆ ಸಾವಿರಾರು ಪೌಂಡ್ ಶುಲ್ಕ, ಚಿತ್ರ ಕೈಯಲ್ಲೇ ಬರೆಯೋದು. 8 ಸಾವಿರ ರೂಪಾಯಿಗೆ ಅಲ್ಲಿ ಯಾರೂ ಬಾಗಿಲು ತೆಗೆಯಲ್ಲ. ನಮ್ಮ ದೇಶದಲ್ಲಿ ಮನೆತನಗಳಿಗೆ ಲಾಂಛನ ಕೊಡೋ ಸರ್ಕಾರಿ ಕಚೇರಿ ಯಾವುದೂ ಇಲ್ಲ. ಹಾಗಾಗಿ ಯಾರಾದರೂ ಚಿನ್ನದ ಸೀಲು ಒತ್ತಿದ ಪ್ರಮಾಣಪತ್ರ ಕೊಟ್ಟರೆ ಅದು ಅವರ ಅಂಗಡಿಯದ್ದೇ ಸೀಲು.

ಮೊದಲು ಎಚ್ಚರಿಸಿದ್ದು ಲಗ್ನಪತ್ರಿಕೆಯ ಪ್ರೆಸ್ಸಿನವರು, ಅವರಿಗೆ ದೊಡ್ಡ ನಮಸ್ಕಾರ. ದೊಡ್ಡಪ್ಪ ಈ ಚಿತ್ರವನ್ನೇ ಪತ್ರಿಕೆಯ ಮೇಲೆ ಗಣಪತಿ ಪಕ್ಕದಲ್ಲಿ ಹಾಕಿ ಅಂದರೆ "ಮೇಲಿನ ನಾಲ್ಕು ಸಿಂಹ ತೆಗೆದು ಕೊಡಿ ಯಜಮಾನ್ರೇ, ಇಲ್ಲಾಂದ್ರೆ ಮಷೀನಿಗೆ ಹಾಕಲ್ಲ" ಅಂದರು. ರಾಷ್ಟ್ರಲಾಂಛನವನ್ನು ಖಾಸಗಿಯವರು ಹಾಗೆ ಬಳಸೋ ಹಾಗಿಲ್ಲ. 2005ರ ಕಾಯ್ದೆ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ 5 ಸಾವಿರದವರೆಗೆ ದಂಡ, ಅಥವಾ ಎರಡೂ. ಕಾರಿನ ಗಾಜಿಗೆ ಅಂಟಿಸೋ ಸ್ಟಿಕ್ಕರ್ ಬೇರೆ ಆತ 'ಫ್ರೀ' ಅಂತ ಕೊಟ್ಟಿದ್ದ. ಕಿತ್ತು ಹಾಕಿದೆವು.

ಇಲ್ಲಿಗೇ ಮುಗಿದಿದ್ದರೆ ನಗಾಡಿಕೊಂಡು ಸುಮ್ಮನಾಗುತ್ತಿದ್ದೆ. ಫ್ರೇಮಿನ ಜೊತೆ ಬಂದ ವಂಶವೃಕ್ಷ ಹಾಗೆ ಬಿಡೋದಲ್ಲ. ಅದರಲ್ಲಿ ಮದಕರಿ ನಾಯಕರ ಕೊನೆಯ ಕಾಳಗದಲ್ಲಿ ಹೋರಾಡಿದ ಮೂಲಪುರುಷನಿಂದ ದೊಡ್ಡಪ್ಪನವರೆಗೆ 19 ತಲೆಮಾರು ಬರೆದಿದ್ದಾನೆ. ದೊಡ್ಡಪ್ಪ ಹುಟ್ಟಿದ್ದು 1951. ಆ ಹಿರಿಯನಿಗೆ ಕಾಳಗದಲ್ಲಿ 30 ವರ್ಷ ಅಂತ ಇಟ್ಟುಕೊಂಡರೆ ಇಬ್ಬರ ಹುಟ್ಟಿನ ನಡುವೆ 202 ವರ್ಷ. ಭಾಗಿಸಿ ನೋಡಿ, ನಮ್ಮ ವಂಶದಲ್ಲಿ ಪ್ರತಿಯೊಬ್ಬನೂ 11ನೇ ವಯಸ್ಸಿಗೆ ಅಪ್ಪ ಆಗಿದ್ದಾನೆ. ಎಲ್ಲಿಂದ ತೆಗೆದದ್ದು ಅಂದರೆ "ಹೆಳವರ ಪುಸ್ತಕ" ಅಂದ. ನಮ್ಮ ಹೆಳವರು ಸುಗ್ಗಿ ಮುಗಿದ ಮೇಲೆ ಊರಿಗೆ ಬರೋದು ಇದೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಟಾಟಾ ಏಸ್‌ನಲ್ಲಿ ಬರುತ್ತಾರೆ. ಕಾಳು, ಬಟ್ಟೆ ಇಸಕೊಂಡು ಮನೆತನ ಹೇಳಿ, ಹುಟ್ಟಿದ ಕೂಸುಗಳ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಅವರ ಪುಸ್ತಕದಲ್ಲಿ ನಮ್ಮದು ಏಳು ತಲೆಮಾರು, ಸೈನ್ಯದ ಸುದ್ದಿಯೇ ಇಲ್ಲ. ಬರದಲ್ಲಿ ಊರು ಬಿಟ್ಟು ಬಂದವರು ಅಂತ ಇದೆ. ದೊಡ್ಡಪ್ಪನಿಗೆ ಅದು ರುಚಿಸಲಿಲ್ಲ. ನನಗೆ ಮಾತ್ರ ಗುರಾಣಿಗಿಂತ ಅದೇ ಹೆಚ್ಚು ಅನ್ನಿಸಿತು.

ಈಗ ಅಸಲು ವಿಷಯ. ಆ ವೃಕ್ಷದ ಕೊನೆಯ ಸಾಲಿನಲ್ಲಿ ಅಜ್ಜನ ಕೆಳಗೆ ಮೂವರು ಗಂಡುಮಕ್ಕಳು ಮಾತ್ರ ಇದ್ದರು. ಅತ್ತೆಯಂದಿರು ಮೂವರೂ ಇಲ್ಲ. "ಲಾಂಛನದ ವೃಕ್ಷದಲ್ಲಿ ಹೆಣ್ಣುಮಕ್ಕಳನ್ನ ಹಾಕಲ್ಲ, ಸಂಪ್ರದಾಯ" ಅಂತ ಆತನ ಸಮಜಾಯಿಷಿ. "ಮನೆತನದವರ ಒಪ್ಪಿಗೆ ಬೇಕು" ಅಂತ 100 ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ಅದೇ ವೃಕ್ಷ ಟೈಪ್ ಮಾಡಿಸಿ, ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರ ಸಹಿ ತಗೊಂಡ. ಆಧಾರ್ ಪ್ರತಿ, ಹೊಲದ ಪಹಣಿ, ಅಜ್ಜನ ಮರಣ ಪ್ರಮಾಣಪತ್ರ ಮೊದಲೇ ಇಸಕೊಂಡಿದ್ದ. ಚಿತ್ರ ಬರೆಯೋನಿಗೆ ಪಹಣಿ ಯಾಕೆ ಅಂತ ಆ ಹೊತ್ತಿಗೆ ಕೇಳಿದವರು ಇಲ್ಲ.

ಹೊಲ ಇನ್ನೂ ಅಜ್ಜನ ಹೆಸರಲ್ಲಿತ್ತು. ಮನೆಯವರೇ ಒಬ್ಬರು ಆ ಸ್ಟಾಂಪ್ ಪೇಪರ್ ನಕಲನ್ನು ಲಗತ್ತಿಸಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದಕ್ಕೆ, ಅರ್ಜಿ ಹಾಕಿದರು. ಯಾರು ಅಂತ ಇಲ್ಲಿ ಬರೆದರೆ ನಾಳೆ ಹಬ್ಬಕ್ಕೆ ಮುಖ ನೋಡೋ ಹಾಗಿರಲ್ಲ. ಅವರಿಗೆ ಆ ಉಪಾಯ ಹೇಳಿಕೊಟ್ಟದ್ದೂ ಲಾಂಛನದವನೇ, ಅದಕ್ಕೂ ಬೇರೆ ಫೀಸು. ಗ್ರಾಮ ಆಡಳಿತಾಧಿಕಾರಿ ಊರಿಗೆ ಬಂದು ವಿಚಾರಿಸಿದಾಗ ಪಕ್ಕದ ಮನೆಯವರೇ "ಹೆಣ್ಣುಮಕ್ಕಳೂ ಇದ್ದಾರಲ್ಲ ಸಾರ್" ಅಂದರು. ಸುದ್ದಿ ಸಂಜೆಯೊಳಗೆ ಹರಿಹರ ಮುಟ್ಟಿತು. ದೊಡ್ಡತ್ತೆ ಮಾರನೇ ದಿನ ಬಂದು ನಡುಮನೆಯಲ್ಲಿ ನಿಂತು ಕೇಳಿದ ಮಾತು ಅಪ್ಪನಿಗೆ ಇವತ್ತಿಗೂ ನಿದ್ದೆ ಕೊಟ್ಟಿಲ್ಲ: "ನಾನು ಈ ಮನ್ಯಾಗೆ ಹುಟ್ಟೇ ಇಲ್ಲೇನೋ ತಮ್ಮಾ?" ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅಪ್ಪ ಅದನ್ನು ಬೇಡ ಅಂದವರಲ್ಲ. ಆದರೆ ಕಾಗದದಲ್ಲಿ ಅವರ ಸಹಿ ಇದೆಯಲ್ಲ. ಎದುರು ಪಾರ್ಟಿಯವರು "ಗೊತ್ತಿದ್ದೇ ಬಿಟ್ಟಿದ್ದೀರಿ" ಅಂತ ಹಿಡಿಯೋದಕ್ಕೆ ಅಷ್ಟು ಸಾಕು ಅಂತ ವಕೀಲರು ಹೇಳಿದರು.

ಆದ್ದರಿಂದ, ಸರ್ಕಾರಿ ಕಚೇರಿಯ ಕೆಲಸಕ್ಕೆ ವಂಶವೃಕ್ಷ ಬೇಕಾದರೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ, ಅಫಿಡವಿಟ್ಟಿನಲ್ಲಿ ಹೆಣ್ಣುಮಕ್ಕಳು, ತೀರಿಕೊಂಡವರು ಎಲ್ಲರ ಹೆಸರೂ ಇರಲಿ. ಬರೀ ಕುತೂಹಲಕ್ಕೆ ಹಿರಿಯರನ್ನು ಹುಡುಕೋದಾದರೆ ಹೆಳವರನ್ನು ಕೇಳಿ, ಹಳೇ ಶಾಲೆಯ ದಾಖಲಾತಿ ಪುಸ್ತಕ ನೋಡಿ, ತಾಲ್ಲೂಕು ರೆಕಾರ್ಡ್ ರೂಮಿನಲ್ಲಿ ಹಳೇ ಪಹಣಿ, ಮ್ಯುಟೇಶನ್ ನಕಲು ತೆಗೆಸಿ. ಜಗಳೂರಿನವರು ನೆನಪಿಡಿ, 1997ರ ಆಗಸ್ಟ್‌ಗೆ ಮೊದಲು ನಾವು ಚಿತ್ರದುರ್ಗ ಜಿಲ್ಲೆ, ಹಳೇ ಕಾಗದದ ಮೇಲೆ ಅದೇ ಹೆಸರಿರುತ್ತೆ. ಊರಿನ ಶಾಸನ, ವೀರಗಲ್ಲು ಇದ್ದರೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ತೆಗೆದು ನೋಡಿ, ಚಿತ್ರದುರ್ಗ ಜಿಲ್ಲೆಯದ್ದು ಅದರಲ್ಲಿದೆ. ಗೋಡೆಗೆ ಚಂದದ ಚಿತ್ರ ಬೇಕೇ ಬೇಕು ಅಂದರೆ ದಾವಣಗೆರೆಯಲ್ಲೇ ದೃಶ್ಯಕಲಾ ಕಾಲೇಜಿದೆ, ಅಲ್ಲಿ ಕಲಿತ ಹುಡುಗರ ಕೈಲಿ ನಿಮ್ಮ ಎತ್ತು, ಕೂರಿಗೆ, ಜೋಳದ ತೆನೆ ಬರೆಸಿ. ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರಲ್ಲ, ಪಹಣಿಯೂ ಬೇಡ.

ಈಗಾಗಲೇ ದುಡ್ಡು ಕೊಟ್ಟಿದ್ದರೆ ವಾಟ್ಸಾಪ್ ಮೆಸೇಜು, ಫೋನ್‌ಪೇ ಸ್ಕ್ರೀನ್‌ಶಾಟ್ ಅಳಿಸಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಪಹಣಿ, ಆಧಾರ್ ಕೊಟ್ಟಿದ್ದರೆ ನಿಮ್ಮ ಸರ್ವೆ ನಂಬರಿನ ಮೇಲೆ ಯಾವುದಾದರೂ ಅರ್ಜಿ ಬಿದ್ದಿದೆಯಾ ಅಂತ ಇವತ್ತೇ ನೋಡಿಸಿ, ಬಿದ್ದಿದ್ದರೆ ತಕರಾರು ಅರ್ಜಿ ಕೊಡಿ. ಸಹಿ ಹಾಕಿದ ಸ್ಟಾಂಪ್ ಪೇಪರಿನ ಮೂಲ ಪ್ರತಿ ಯಾರ ಹತ್ತಿರ ಇದೆ ಅಂತ ವಿಚಾರಿಸಿ ವಾಪಸ್ ಇಸಕೊಳ್ಳಿ. ನಮ್ಮದು ಇನ್ನೂ ಅವನ ಹತ್ತಿರವೇ ಇದೆ, ಫೋನು ಸ್ವಿಚ್ ಆಫ್.