ಕೆಜಿಎಫ್ ದೊರೆ ಬಂಗಲೆಯ ಬ್ರಾಡ್ಮನ್ ಕಾರ್ಡ್ ಅಂತ ಯಾರಾದ್ರೂ ಮಾರೋಕೆ ಬಂದ್ರೆ ಮೊದ್ಲು ಇದನ್ನ ಓದಿ

ಬರೀಬಾರದು ಅಂದ್ಕೊಂಡಿದ್ದೆ, ನಾಚಿಕೆ. ಆದ್ರೆ ನಿನ್ನೆ ಆದದ್ದು ನೋಡಿದ್ಮೇಲೆ ಸುಮ್ನೆ ಇರೋಕಾಗ್ತಿಲ್ಲ.

ನಾನು ಬಂಗಾರಪೇಟೆಯವನು. ಹಳೇ ಕ್ರಿಕೆಟ್ ಕಾರ್ಡ್ ಕೂಡಿಡೋ ಹುಚ್ಚು. 1938ರಲ್ಲಿ ಪ್ಲೇಯರ್ಸ್ ಸಿಗರೇಟ್ ಪ್ಯಾಕಲ್ಲಿ ಬಂದ 50 ಕಾರ್ಡಿನ ಸೆಟ್ ಇದ್ಯಲ್ಲ, ಅದರ ಬ್ರಾಡ್ಮನ್ ಕಾರ್ಡಿಗೆ 14,000 ಕೊಟ್ಟೆ. ಹೌದು, ಹದಿನಾಲ್ಕು ಸಾವಿರ, ನಗ್ರಿ. ಆ ಕಾರ್ಡೇನೂ ಸಿಗದೇ ಇರೋದಲ್ಲ ಅಂತ ನಂಗೂ ಗೊತ್ತಿತ್ತು. ನಾನು ದುಡ್ಡು ಕೊಟ್ಟಿದ್ದು ಅದು ಯಾರ್ಯಾರ ಕೈ ದಾಟಿ ಬಂತು ಅನ್ನೋ ಕತೆಗೆ.

ಕತೆ ಏನಪ್ಪ ಅಂದ್ರೆ, ಕೆಜಿಎಫ್ ಚಿನ್ನದ ಗಣಿ ನಡೆಸ್ತಿದ್ದ ಜಾನ್ ಟೇಲರ್ ಕಂಪನಿಯ ಒಬ್ಬ ಇಂಗ್ಲಿಷ್ ದೊರೆ ಅಲ್ಲಿನ ಊರ್ಗಾಂ ಬಂಗಲೆ ಖಾಲಿ ಮಾಡುವಾಗ ಬಟ್ಲರ್‌ಗೆ ಕೊಟ್ಟ, ಬಟ್ಲರ್ ಮಗನಿಗೆ, ಮಗ ಮೊಮ್ಮಗನಿಗೆ, ಮೊಮ್ಮಗ ನಂಗೆ ಮಾರಿದ ಇವನಿಗೆ. ಜೊತೆಗೆ ದೊರೆ ಸೈನ್ ಇರೋ 1951ರ ಟೈಪ್ ಮಾಡಿದ ಕಾಗದ. ನಾನು ಸ್ವಲ್ಪ ಹಿಂದೆಮುಂದೆ ನೋಡಿದ್ದಕ್ಕೆ ಅವನೇ ಪಾಠ ಮಾಡಿದ, "ಅಣ್ಣಾ, ಅಮೆರಿಕದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡು 1991ರಲ್ಲಿ ಐಸ್ ಹಾಕಿ ಆಟಗಾರ ಗ್ರೆಟ್ಸ್ಕಿ 4,51,000 ಡಾಲರಿಗೆ ತಗೊಂಡ, ಆಮೇಲೆ ಅದು ಗ್ರೆಟ್ಸ್ಕಿ ಕಾರ್ಡ್ ಅಂತಲೇ ಹೆಸರಾಯ್ತು, ಓನರ್ ಯಾರು ಅನ್ನೋದೇ ರೇಟಣ್ಣಾ." ಅದೇ ಕಾರ್ಡಿನ ಅಂಚು ಚೆನ್ನಾಗಿ ಕಾಣಲಿ ಅಂತ ಕತ್ತರಿಸಿದ್ದು ನಾನೇ ಅಂತ ಅದನ್ನ ಮಾರಿದ್ದ ಡೀಲರ್ರೇ 2013ರಲ್ಲಿ ಕೋರ್ಟಲ್ಲಿ ಒಪ್ಕೊಂಡಿದ್ದನ್ನ ಮಾತ್ರ ಹೇಳಲಿಲ್ಲ. ನಾನೂ ಹುಡುಕಲಿಲ್ಲ. ದುಡ್ಡು ಹೋದ್ಮೇಲೆ ಹುಡುಕಿದೆ!

ಕಾಗದ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದ್ದೆ ಕಣ್ರೀ. ಬಂದೋರಿಗೆಲ್ಲ ತೋರಿಸ್ತಿದ್ದೆ. ನಮ್ಮ ಮಾವ ಪೋಸ್ಟ್ ಆಫೀಸಲ್ಲಿ ಇದ್ದು ರಿಟೈರ್ ಆದೋರು, ಹಬ್ಬಕ್ಕೆ ಬಂದಿದ್ರು, ಕಾಫಿ ಲೋಟ ಹಿಡ್ಕೊಂಡು ನಿಂತು ಓದಿದ್ರು. ಓದಿ ಒಂದೇ ಮಾತು, "ಏನಪ್ಪಾ, ನಿಮ್ಮ ದೊರೆ 51ರಲ್ಲೇ ಪಿನ್ ಕೋಡ್ ಹಾಕವ್ನೆ?"

ವಿಳಾಸದ ಕೆಳಗೆ 563ರಿಂದ ಶುರುವಾಗೋ ಆರಂಕಿ. ಪಿನ್ ಕೋಡ್ ಬಂದಿದ್ದೇ 1972ರ ಆಗಸ್ಟ್ 15ಕ್ಕೆ. ತಿಂಗಳುಗಟ್ಟಲೆ ದಿನಾ ನೋಡಿದ ಕಾಗದ, ದಿನಾ! ಮಾವ ಇನ್ನೇನೂ ಅನ್ನಲಿಲ್ಲ, ಕಾಫಿ ಕುಡಿದ್ರು. ಅದೇ ಜಾಸ್ತಿ ಉರಿದಿದ್ದು.

ಸಂಜೆನೇ ಫ್ರೆಂಡ್ ಫೈನಾನ್ಸ್ ಆಫೀಸಿಗೆ ಓಡಿದೆ, ನೋಟು ಚೆಕ್ ಮಾಡೋ ನೀಲಿ ಲೈಟ್ ಕೆಳಗೆ ಕಾರ್ಡ್ ಇಟ್ರೆ ನೀಲಿ ಹಾಕಿ ಒಗೆದ ಪಂಚೆ ಥರ ಫಳಫಳ. ಪೇಪರ್‌ಗೆ ಹಾಗೆ ಹೊಳೆಯೋ ಕೆಮಿಕಲ್ ಹಾಕೋಕೆ ಶುರುಮಾಡಿದ್ದು ಎರಡನೇ ಮಹಾಯುದ್ಧ ಆದ್ಮೇಲೆ. 1938ರ ಕಾರ್ಡು ಮಂಕಾಗಿರಬೇಕು. ಅಂದ್ರೆ ಕಾಗದ ಅಷ್ಟೇ ಅಲ್ಲ, ಕಾರ್ಡೂ ರೀಪ್ರಿಂಟು.

ಮಾರನೇ ದಿನ ಮಾರಿಕುಪ್ಪಂ ಟ್ರೈನ್ ಹತ್ತಿ ಊರ್ಗಾಂಗೆ ಹೋದೆ, ಆ ಮೊಮ್ಮಗನ್ನ ಹುಡುಕೋಕೆ. ಮಾರಿದವನು ಕೊಟ್ಟ ವಿಳಾಸದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅಕ್ಕಪಕ್ಕ ಕೇಳಿದ್ರೆ "ಮೈನ್ಸ್ 2001ರಲ್ಲಿ ಮುಚ್ಚಿತು ಸಾರ್, ಎಷ್ಟೋ ಜನ ಊರು ಬಿಟ್ರು, ಯಾವ ಬಟ್ಲರು?" ಅಂತಾರೆ. ಇದೇ ಅವನ ಜಾಣತನ. ವಿಚಾರಿಸೋಕೆ ಯಾರೂ ಉಳಿದಿಲ್ಲದ ಜಾಗ ನೋಡಿ ಕತೆ ಕಟ್ಟವ್ನೆ.

ಮಾರಿದವನಿಗೆ ಫೋನ್ ಮಾಡಿ ಪಿನ್ ಕೋಡ್ ವಿಷ್ಯ ಕೇಳಿದೆ. "ಅಣ್ಣಾ, ಅದು ಕಾಪಿ, ಒರಿಜಿನಲ್ ಹರಿದೋಗಿತ್ತು, ತಿರುಗಿ ಟೈಪ್ ಮಾಡಿಸಿದ್ದು." ಹಂಗಾದ್ರೆ ದೊರೆ ಸೈನ್ ಹೆಂಗ್ ಬಂತು ಅಂದೆ. "ಸರ್, ಇಷ್ಟೆಲ್ಲ ಯಾವ ಕಲೆಕ್ಟರೂ ಕೇಳಲ್ಲ." ಅಣ್ಣ ಹೋಗಿ ಸರ್ ಆಯ್ತು. ದುಡ್ಡು ವಾಪಸ್ ಕೊಡು ಅಂದಾಗ "ನೋಡಿ ಬ್ರದರ್, ನೀವೇ ಇಷ್ಟಪಟ್ಟು ತಗೊಂಡಿದ್ದು, ನಾನೇನು ಮನೆಗೆ ಬಂದು ಕೊಟ್ನಾ?" ಆಮೇಲೆ ಬ್ಲಾಕ್. ನನ್ನ ಹೆಂಡ್ತಿ ಅವಳ ಫೋನಿಂದ ಮಾಡಿ ತೆಲುಗಲ್ಲಿ ಬೈದಳು, ಅದನ್ನ ಇಲ್ಲಿ ಬರೆಯಲ್ಲ.

ದುಡ್ಡು ಕೊಡೋ ಮುಂಚೆ ಹಳೇ ಓನರ್ ಮನೆಯೋರ ಹತ್ರ ನೀವೇ ಮಾತಾಡಿ. ನಂಬರ್ ಕೊಡಲ್ಲ ಅಂದ್ರೆ ಎದ್ದು ಬನ್ನಿ. ಲೈಟ್ ಕೆಳಗೆ ಇಡೋಕೆ ಬಿಡಲ್ಲ ಅಂದ್ರೂ ಅಷ್ಟೇ.

ನಿನ್ನೆ ಏನಾಯ್ತು ಅಂದ್ರೆ, ಚಿಂತಾಮಣಿಯ ಒಬ್ಬ ಫ್ರೆಂಡ್ "ತಗೋಬಹುದಾ?" ಅಂತ ಫೋಟೋ ಕಳಿಸಿದ. ಅದೇ ಬ್ರಾಡ್ಮನ್, ಅದೇ ದೊರೆ, ಅದೇ 1951. ಪಿನ್ ಕೋಡ್ ಮಾತ್ರ ಮಾಯ. ನಾನು ತೋರಿಸಿಕೊಟ್ಟ ತಪ್ಪನ್ನ ನೀಟಾಗಿ ತಿದ್ದಿಕೊಂಡವ್ನೆ! ಆದ್ರೆ ವಿಳಾಸದ ಕೊನೇಲಿ "ಕರ್ನಾಟಕ" ಅಂತ ಹಾಗೇ ಇದೆ. 1973ರವರೆಗೆ ಇದು ಮೈಸೂರು ರಾಜ್ಯ. ದಯವಿಟ್ಟು ಯಾರೂ ಅವನಿಗೆ ಹೇಳೋಕೆ ಹೋಗಬೇಡಿ.